ಪಂಖಾದವರ ಹಿರೀಸೊಸಿ

"ನುಂಗ, ನುಂಗ ಅಂತೀನಿ! ಗಂಡಗ ದೊಡ್ಡ ಕೆಲಸ ಬರೂ ಹೊತ್ತಿನ್ಯಾಗ ಹೆಂಡ್ತಿ ಬಾಯಾಗ ಬೆಲ್ಲ ಇಳೀವಲ್ದು! ಗಂಟಲಾಗ ಮುಳ್ಳು ನೆಟ್ಟಾವೇನ ನಿನಗ?"

ಮುದುಕವ್ವ ಹಂಗ ಚೀರಿದ ಕೂಡ್ಲೆ ಹಿರೀಸೊಸಿ ಹುಲಿಗವ್ವನ ಕೈಯಾಗಿನ ಬೆಲ್ಲದ ಹೆಂಟಿ ಜಾರಿ ನೆಲಕ್ಕ ಬಿತ್ತು. ಬೆಲ್ಲಕ್ಕ ಇರಿವಿ ಮುಕ್ಕುರಿದ್ವು, ಆಕಿ ಎದಿಗೆ ಅಂಜಿಕಿ ಮುಕ್ಕುರೀತು. "ಅತ್ತಿ... ಬೆಲ್ಲ ಹಂಚಬ್ಯಾಡ್ರಿ... ನನಗ್ಯಾಕೋ ಇದು ಛಲೋ ಅನಸವಲ್ದು..." ಅಂದಾಕಿನ ಬಾಯಿಗೆ ಸೆರಗ ಹಿಡಕೊಂಡು ಅಡಿಗಿಮನಿ ಹೊಕ್ಕಳು.

ಆ ಬೆಲ್ಲದ ಕಥಿ ಕೇಳ್ರಿ. ಅದು ಸಾವಿರದ ಒಂಬೈನೂರಾ ಮೂವತ್ತೆಂಟರ ಬ್ಯಾಸಗಿ, ಊರು ಕೊಪ್ಪಳ. ಕಚೇರಿ ಜವಾನರ ಮ್ಯಾಲಿನ ದಫೇದಾರ ನೂರಸಾಬ ಮುದುಕವ್ವನ ಹಿರೇಮಗ ಹುಸೇನಪ್ಪಗ ವಾರಗಟ್ಲೆ ಒಂದೂ ಬೈಗುಳ ಬೈದಿರಲಿಲ್ಲ. ಅಷ್ಟಕ್ಕ ಆಕಿ ಓಣಿ ತುಂಬ ಬೆಲ್ಲ ಹಂಚಿದ್ಲು! ನಗಬೇಕು ಅನಿಸಿದ್ರ ಈಗ ನಕ್ಕುಬಿಡ್ರಿ, ಮುಂದ ಅದಕ್ಕ ಜಾಗಾ ಸಿಗೂದು ಕಡಿಮಿ.

ನೂರಸಾಬನ ಬಾಯಿ ಅಂಥಾದ್ದು. ಬೆಳಿಗ್ಗೆ ಕಚೇರ್ಯಾಗ ಮೊದಲು ಅವನ ಬಾಯಿ ತೆರೀತಿತ್ತು, ಆಮ್ಯಾಲ ಬಾಗಲಾ. ಜವಾನರಿಗೆಲ್ಲಾ ಅಷ್ಟಿಷ್ಟು ಬೈಗುಳ ಹಂಚಿ, ಉಳಿದದ್ದನ್ನೆಲ್ಲಾ ಹುಸೇನಪ್ಪನ ಮ್ಯಾಲ ಸುರೀತಿದ್ದ. "ಏ ಹುಸೇನ್ಯಾ, ಕ್ವಾಣಾ! ನಿನ್ನ ಗಾಳಿಗೆ ಸಾಹೇಬರ ಮೀಸಿ ಸೈತ ಅಳ್ಳಾಡವಲ್ದು! ಬ್ಯಾಸಗ್ಯಾಗ ಅವರನ್ನ ಹುರಗಡ್ಲಿ ಮಾಡತಿಯೇನಲೇ?" ಅಂತಿದ್ದ. ಹುಸೇನಪ್ಪ ಹಲ್ಲ ಕಿರದು ಇನ್ನೊಂದಿಷ್ಟು ಜೋರಲೆ ಎಳೀತಿದ್ದ.

ಎಳಿಯೂದು ಏನಂದ್ರ, ಪಂಖಾ. ಸಾಹೇಬರ ತಲಿ ಮ್ಯಾಲ ತೊಲಿಗೆ ಇಳಿಬಿಟ್ಟ ಬಟ್ಟಿ ಪಂಖಾ. ಅದರ ಹಗ್ಗ ಗ್ವಾಡಿ ತೂತಿನಾಗ ಹಾದು ಹೊರಗ ಪಡಸಾಲಿಗೆ ಬರ್ತಿತ್ತು. ಅಲ್ಲೆ ಅಂಗಾತ ಬಿದ್ದು ಹಗ್ಗ ಕಾಲಿಗೆ ಕಟಗೊಂಡು ಎಳೀಬೇಕು. ಸಾಹೇಬರ ಕೋಣಿ ಪಂಖಾ ಹುಸೇನಪ್ಪಂದು, ಪಕ್ಕದ ಕಾಗದಪತ್ರ ನೋಡೂ ಪೇಶ್ಕಾರರ ಕೋಣೀದು ತಮ್ಮ ಗಿಡ್ಡಪ್ಪಂದು. ಅವರಪ್ಪನೂ ಅದನ್ನ ಎಳದ ಎಳದ ಮುದುಕಾಗಿ ಸತ್ತಿದ್ದ. ಊರಾಗ ಗಾಳಿಸುದ್ದಿ ಹಂಚೋರು ಬೇಕಾದಷ್ಟು ಮಂದಿ ಇದ್ರು, ಪಗಾರ ತಗೊಂಡು ಗಾಳಿ ಹಂಚೋರು ಇವರಿಬ್ರ. ಮುದುಕವ್ವಗ ಅದರ ಬಿಂಕ ಎಷ್ಟು ಅಂತೀರಿ! ಬಾವಿಗೆ ಹೋದ್ರ, "ಸರಕಾರದವರು ಬಂದೀವಿ, ಸರಕೋರಿ" ಅಂತ ಕೊಡ ಮುಂದ ಮಾಡತಿದ್ಲು.

ಹಿಂಗಿರೂವಾಗ ನೂರಸಾಬನ ಬಾಯಿ ಒಮ್ಮಿಂದೊಮ್ಮಿಲೆ ತಣ್ಣಗಾತು. ಸುದ್ದಿ ತಂದಾಂವ ಗಿಡ್ಡಪ್ಪ. ಅವನ ಹೊಟ್ಟ್ಯಾಗ ಅನ್ನ ನಿಲ್ಲತಿತ್ತು, ಮಾತು ನಿಲ್ಲತಿರಲಿಲ್ಲ.

"ಯವ್ವಾ, ಇವತ್ತ ದಫೇದಾರ ಅಣ್ಣಗ ಎಲಿಯಡಿಕಿ ಕೊಟ್ಟ! 'ಬಾ ಹುಸೇನಪ್ಪ, ಕುಂದ್ರು, ಬಿಸಲಾಗ ಬಂದಿ, ನೀರ ಕುಡಿ' ಅಂದ! ನನಗ ಮಾತ್ರ ಕತ್ತಿಮಗನ ಅಂದ."

"ಅಂದ್ನಾ! ನೂರಸಾಬಗ ವಯಸ್ಸಾತು. ತನ್ನ ಎದಿ ಮ್ಯಾಲಿನ ಹಿತ್ತಾಳಿ ಬಿಲ್ಲಿ ತಗದು ನನ್ನ ಮಗನ ಎದಿಗೆ ಹಚ್ಚತಾನ ನೋಡ್ತಿರು!"

ಬಿಲ್ಲಿ ಬರೂ ಮೊದಲ ಬೆಲ್ಲ ಹಂಚಿದ್ದು ಹಿಂಗ.

ಹುಲಿಗವ್ವಗ ಅದು ಯಾಕ ಇಳೀಲಿಲ್ಲ ಅಂದ್ರ, ಆಕಿ ಅಪ್ಪ ಹತ್ತಿ ಗಿರಣ್ಯಾಗ ದುಡದಾಂವ. ಮುಂಜಾನಿಂದ ಸಂಜಿತನಕ ಮೇಸ್ತ್ರಿ ಕಡಿಂದ ಬೈಸಿಕೊಂಡಾಂವ. ಒಂದಿನ ಮೇಸ್ತ್ರಿ ಅವನ ಹೆಗಲ ಮ್ಯಾಲ ಕೈ ಹಾಕಿ ಚಾ ಕುಡಿಸಿದ. ಮನಿ ಮಂದಿ ಹಿಗ್ಗಿ ಹೀರಿಕಾಯಿ ಆದ್ರು. ಅದರ ಮುಂದಿನ ವಾರ ಅಪ್ಪನ ಕೆಲಸ ಹೋತು. ಬೈಯಾಕಾದ್ರೂ ಆಳು ತಮ್ಮವ ಇರಬೇಕಲ್ಲ! ಹೊರಗ ಹೋಗಾಂವಗ ಯಾರು ಬಾಯಿ ನೋಯಿಸಿಕೋತಾರ?

ಬೆಲ್ಲ ಹಂಚಿದ ಮ್ಯಾಲ ಗಿಡ್ಡಪ್ಪ ತಂದ ಸುದ್ದಿ ಎಲ್ಲಾ ಆಕಿ ಕಿವಿಗೆ ಬೀಳಾಕ ಹತ್ತಿದ್ವು. ಸಾಹೇಬರ ಪಂಖಾದ ಹಗ್ಗ ಸವದು ಎಳಿ ಎದ್ದಿತ್ತು. ಹೊಸಾದು ಕೇಳಿದ್ರ ನೂರಸಾಬ, "ಇರ್ಲಿ, ಇದರಾಗ ನಡೀಲಿ" ಅಂದಿದ್ದ. ಹೈದರಾಬಾದಿನಿಂದ ಹೊಸಾ ಸಾಹೇಬರು ಬಂದಿದ್ರು. ಅವರ ಹಿಂದ ರೈಲಿನ್ಯಾಗ ಒಂದು ಕಟ್ಟಿಗಿ ಪೆಟಗಿ ಬಂತು. ಸ್ಟೇಷನ್ನಿನಿಂದ ಅದನ್ನ ತಲಿ ಮ್ಯಾಲ ಹೊತ್ತು ತಂದಾಂವ ಯಾರಂತೀರಿ? ಹುಸೇನಪ್ಪನ! ಪೆಟಗಿ ಒಡದ್ರ ಒಳಗ ಹಿತ್ತಾಳಿ ರೆಕ್ಕಿ, ಅದರ ಬುಡಕ ಚಿಮಣಿ ಎಣ್ಣಿ ದೀಪ. ದೀಪ ಹಚ್ಚಿದ್ರ ರೆಕ್ಕಿ ತಾನಾ ಗರಗರ ತಿರಗತಿದ್ವು. ಕಚೇರಿ ಮಂದಿ ಬಾಯಿ ತಗದು ನೋಡಿದ್ರು. ಬೆಂಕಿ ಹಚ್ಚಿ ತಣ್ಣಗ ಮಾಡೂ ಯಂತ್ರ! ಅದು ಹಚ್ಚಿದ ಬೆಂಕಿ ಯಾರ ಒಲಿ ಆರಸ್ತೈತಿ ಅಂತ ಮಾತ್ರ ಯಾರೂ ಕೇಳಲಿಲ್ಲ.

ಹುಲಿಗವ್ವ ಗಂಡಗ ನುಚ್ಚು ನೀಡುವಾಗ ಕೇಳಿದ್ಲು. "ಮಷೀನ ಬಂತು, ಹಗ್ಗ ಕೊಡವಲ್ರು, ಬೈಯವಲ್ರು... ನಿಮಗೇನೂ ಅನಸೂದಿಲ್ಲೇನ್ರಿ?"

"ಬೈದ್ರ ಬೈದ್ರಂತ ಚಿಂತಿ, ಬೈಯದಿದ್ರ ಬೈಲಿಲ್ಲಂತ ಚಿಂತಿ! ಒಂದ ಕೆಲಸ ಮಾಡು, ನೀನ ನಾಕು ಬೈ. ಲೆಕ್ಕ ಸರಿಹೋಗ್ತೈತಿ."

ಅಂವ ನಕ್ಕ. ಆದ್ರ ನಗೂವಾಗ ಹೆಂಡ್ತಿ ಮುಖ ನೋಡ್ಲಿಲ್ಲ, ಗಂಗಾಳದ ಅಂಚು ನೋಡಿದ.

ಹುಲಿಗವ್ವ ಮತ್ತ ಕೇಳಲಿಲ್ಲ. ಕೆಲಸಕ್ಕ ನಿಂತಳು. ಮರದಿನದಿಂದ ಕುಳ್ಳು ತರತೀನಿ ಅಂತ ಹೇಳಿ ಪ್ಯಾಟಿ ಅಡತಿ ಅಂಗಡಿಗೆ ಹೋಗಿ ಶೇಂಗಾ ಒಡಿಯೋ ಹೆಂಗಸರ ಸಾಲಿನ್ಯಾಗ ಕುಂತಳು. ನೀರ ಚಿಮುಕಿಸಿದ ಕಾಯಿ ಬೆರಳ ನಡುವ ಹಿಡದು ಒತ್ತಬೇಕು. ಹೊಸಬರ ಉಗರಿನ ಸಂದಿ ಮೊದಲ ಒಡೀತಾವ, ಆಮ್ಯಾಲ ಶೇಂಗಾ. ಬೀಸೂ ಜ್ವಾಳದಾಗ ದಿನಾ ಒಂದ ಹಿಡಿ ತಗದು ಗಡಗ್ಯಾಗ ಹಾಕಿ ಕುಳ್ಳಿನ ರಾಶಿ ಹಿಂದ ಮುಚ್ಚಿಟ್ಟಳು. ಒಲಿ ಆರೂ ಮೊದಲ ಕಿಡಿ ಮುಚ್ಚಿಡೂ ಹೆಂಗಸಿನ ಬುದ್ಧಿ ಅದು. ಆದ್ರ ಆ ಮನ್ಯಾಗ ಅದಕ್ಕ ಬ್ಯಾರೆ ಹೆಸರಿತ್ತು.

ಬಯಲಿಗೆ ಬಂದದ್ದು ಅಂತಃಕರಣದಿಂದ. ಗಿಡ್ಡಪ್ಪನ ಹೆಂಡ್ತಿ ಪಕ್ಕೀರವ್ವ ಚೊಚ್ಚಲ ಬಸುರಿ, ಕುಷ್ಟಗಿ ಕಡೆ ಹುಡುಗಿ. ತವರಾಗ ಮಲತಾಯಿ, ಹೋಗಿ ಬಂದು ಮಾಡಾಕ ದಿಕ್ಕಿಲ್ಲ. ಹೋದ ಮಾಘದಾಗ ಆಕಿ ಈ ಮನಿ ಹೊಸ್ತಿಲಾ ತುಳದ್ಲು, ಅಕ್ಕಿಕಾಳಿನ ಅರಿಶಿಣ ಆರೂ ಮೊದಲ ಮಾವ ತೀರಿಕೊಂಡ. ಅವತ್ತಿನಿಂದ ಮುದುಕವ್ವಗ ಆಕಿ ಮುಖ ಕಾಣತಿರಲಿಲ್ಲ, ಬರೇ ಕಾಲು ಕಾಣತಿದ್ವು. "ಕೆಟ್ಟ ಕಾಲ್ಗುಣದಾಕಿ! ಇನ್ನೊಂದು ಕೆಟ್ಟದ್ದಾಗ್ಲಿ ಈ ಮನ್ಯಾಗ, ಬಸುರಿ ಅಂತ ನೋಡಾಂಗಿಲ್ಲ, ಕುಷ್ಟಗಿ ಹಾದಿ ಹಿಡಸ್ತೀನಿ!" ಅಂತ ದಿನಾ ಅಂತಿದ್ಲು. ಮನಿಗೆ ಅನ್ನ ತರೂದೂ ಗಂಡಸರ ಕಾಲು, ಕೇಡು ತರೂದು ಮಾತ್ರ ಹೆಂಗಸರ ಕಾಲು. ಎಂಥಾ ನ್ಯಾಯ ನೋಡ್ರಿ!

ಆ ಹುಡುಗಿಗೆ ಶೇಂಗಾ ತಿನ್ನೂ ಬಯಕಿ ಆಗಿತ್ತು. ಮಕ್ಕಳಿಲ್ಲದ ಹುಲಿಗವ್ವ ಉಡ್ಯಾಗ ಒಂದ್ ಹಿಡಿ ಕಟಗೊಂಡು ಬಂದು ಹುರದು ಕೊಟ್ಟಳು. ವಾಸನಿ ಹಿಡಕೊಂಡು ಮುದುಕವ್ವ ಬಂದ್ಲು. ಪಕ್ಕೀರವ್ವನ ಮಡಲಾಗ ಸಿಪ್ಪಿ!

"ಎಲ್ಲಿದ ಇದು?"

"ಅಕ್ಕ... ಅಕ್ಕ ಕೊಟ್ಲು ಅತ್ತಿ..."

ಹುಲಿಗವ್ವನ ಕೈ ಹಿಡದು ಬೆರಳು ತಿರುವಿ ನೋಡಿದ್ಲು ಮುದುಕವ್ವ. ಕುಳ್ಳಿನ ರಾಶಿ ಕೆದರಿದ್ಲು, ಗಡಿಗಿ ಸಿಕ್ತು. ಮುಗೀತು! ಓಣಿ ಮಂದಿ ಬಾಗಲಿಗೆ ಬರೂವಂಗ ಎದಿ ಬಡಕೊಂಡ್ಲು.

"ನೋಡ್ರೆವ್ವಾ ನೋಡ್ರಿ! ಸರಕಾರಿ ಪಂಖಾದಾವನ ಹೆಂಡ್ತಿ ಅಡತ್ಯಾಗ ಶೇಂಗಾ ಒಡೀತಾಳಂತ! ನನ್ನ ಮಗ ಇನ್ನೂ ಕಚೇರ್ಯಾಗ ಅದಾನ, ಈಕಿ ಆಗಲೇ ಅವನ ಕೆಲಸದ ತಿಥಿ ಮಾಡಾಕ ಕುಂತಾಳ! ಹೇಳ, ಯಾಕ ಮಾಡಿದಿ?"

"ಕೆಲಸ ಹೋದ್ರ... ಅಂತ ಅತ್ತಿ... ನಾಕು ದಿನಕ್ಕ..."

"ಬಾಯಿ ಮುಚ್ಚ! ಕೆಟ್ಟದ್ದನ್ನ ಅಂದ್ರ ಕೆಟ್ಟದ್ದಾಗ್ತೈತಿ! ಅದನ್ನ ಕರದು, ಚಾಪಿ ಹಾಸಿ, ನೀರು ಬ್ಯಾರೆ ಕೊಟ್ಟಿ ನೀನು! ಏನರ ಆಗ್ಲಿ ನನ್ನ ಮಗನ ಕೆಲಸಕ್ಕ... ನಿನ್ನ ಬಾಯಾಗ ಮಣ್ಣ ಹಾಕತೀನಿ!"

ಹುಲಿಗವ್ವ ಅಳಲಿಲ್ಲ. ಒಳಗಿದ್ದದ್ದು ಒಂದ ಆಸೆ: ನೂರಸಾಬನ ಕಾಲು ಹಿಡದ್ರ ಹೆಂಗೋ ಉಳದೀತು. ಒಂದಿನ ಮಧ್ಯಾಹ್ನದ ನಮಾಜ ಮುಗಿಸಿ ಅಂವ ಮನಿಗೆ ಬರೂದಕ್ಕ, ಈಕಿ ಅಂಗಳದಾಗ ನಿಂತಿದ್ಲು. ನೂರಸಾಬನ ಹೆಂಡ್ತಿ ಹಮೀದಾಬಿ ಕೈ ಹಿಡದು ಒಳಗ ಕರದು ಕುಂದ್ರಿಸಿದ್ಲು.

"ಕಾಕಾ, ಬೈರಿ ಅವರಿಗೆ! ಮೊದಲಿನಂಗ ಕ್ವಾಣಾ ಅನ್ರಿ, ಬೇಕಾದ್ರ ಎರಡ ಹೊಡೀರಿ... ಕೆಲಸ ಮಾತ್ರ ತೆಗೀಬ್ಯಾಡ್ರಿ ಕಾಕಾ..."

ನೂರಸಾಬ ತಲಿ ಮ್ಯಾಲಿನ ಟೋಪಿ ತಗದು ಮೊಣಕಾಲ ಮ್ಯಾಲ ಇಟಗೊಂಡ.

"ಮಗಳ, ನಿನಗ ಅಂವ ಏನೂ ಹೇಳಿಲ್ಲ ಹಂಗಾದ್ರ... ಸಾಹೇಬರು ಇನ್ನ ಪೇಶ್ಕಾರರ ಕೋಣಿಗೆ ಒಬ್ಬನ ಸಾಕು ಅಂದ್ರು. ತೆಗಿ ಅಂದದ್ದು ಗಿಡ್ಡಪ್ಪನ್ನ. ಸಣ್ಣಾಂವ, ಹಿಂದಿನಿಂದ ಸೇರಿದಾಂವ, ಮ್ಯಾಲ ನಿದ್ದಿಬಡಕ. ಸರಿ ಅಂದೆ. ತಮ್ಮಗ ತಿಳಿಸಿ ಹೇಳಲಿ ಅಂತ ನಿನ್ನ ಗಂಡಗ ಮೊದಲ ಹೇಳಿದೆ. ಅಂವ ನನ್ನ ಕಾಲು ಹಿಡಕೊಂಡ ತಾಯಿ!"

"ಯಾಕ ಕಾಕಾ?"

"'ಗಿಡ್ಡ್ಯಾನ ಹೆಸರ ಬ್ಯಾಡ, ನಂದ ಹೇಳ್ರಿ' ಅಂದ. 'ಅವನ ಕೆಲಸ ಹೋದ್ರ ನಮ್ಮವ್ವ ಆ ಹುಡುಗಿ ಕಾಲ್ಗುಣ ಅಂತಾಳ, ಹೊಟ್ಟ್ಯಾಗಿನ ಕೂಸಿನ ಸಮೇತ ಹೊರಗ ಹಾಕತಾಳ. ನನ್ನಾಕಿ ಬಂದು ಭಾಳ ವರ್ಷ ಆತು, ಆಕಿ ಕಾಲಿಗೆ ಆ ಮನಿ ರೂಢಿ ಆಗೇತಿ. ಆಕಿಗೆ ಯಾರೂ ಏನೂ ಅನ್ನಾಂಗಿಲ್ಲ' ಅಂದ... ಅಂಥಾವಗ ನಾ ಯಾವ ಬಾಯಿಲೆ ಬೈಲಿ, ನೀನ ಹೇಳು!"

ಹುಲಿಗವ್ವ ಎದ್ದಳು. ಹಮೀದಾಬಿ ಕೊಟ್ಟ ನೀರು ಕುಡೀಲಿಲ್ಲ. ನೆಟ್ಟಗ ಕಚೇರಿ ಹಿಂದಿನ ಬೇವಿನ ಗಿಡಕ್ಕ ಹೋದ್ಲು. ಹುಸೇನಪ್ಪ ಬುತ್ತಿ ಬಿಚ್ಚಿ ಕುಂತಿದ್ದ. ಹೆಂಡ್ತಿ ಮುಖ ನೋಡಿದ ಕೂಡ್ಲೆ ತಿಳೀತು. ತುತ್ತು ಕೆಳಗಿಟ್ಟ.

"ನನ್ನ ಒಂದು ಮಾತು ಕೇಳಬಾರದಿತ್ತೇನ್ರಿ?"

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ... ಅತ್ತೂ ಕರದೂ ಬ್ಯಾಡ ಅಂತಿದ್ದೆ. ಆಮ್ಯಾಲ ಹೂಂ ಅಂತಿದ್ದೆ. ಆ ಹೂಂ ಅನ್ನೂದನ್ನ ನನ್ನ ಕಡಿಂದ ಕಸಗೊಂಡ್ರಲ್ಲ ನೀವು!"

ಹುಸೇನಪ್ಪ ತಲಿ ಬಗ್ಗಿಸಿದ. "ತಪ್ಪಾತು ಹುಲಿಗಿ. ಗಿಡ್ಡ್ಯಾಗ ಹೇಳಬ್ಯಾಡ, ಅಂವ ಒಪ್ಪಾಂಗಿಲ್ಲ, ಒಪ್ಪಿದ್ರ ಬಾಯಿ ಬಿಡದ ಇರಾಂಗಿಲ್ಲ... ಅವ್ವನ ಸಿಟ್ಟು ಎರಡು ದಿನ. ಹೊಸಾ ಸೊಸಿ ಮ್ಯಾಲ ಹಾಕಾಕ ಬರೂದಿಲ್ಲ, ಹೋದದ್ದು ನನ್ನ ಕೆಲಸ. ನಿನ್ನ ಮ್ಯಾಲ ಹಾಕಾಕ ಬರೂದಿಲ್ಲ, ನೀ ಹಳಬಾಕಿ. ಎಲ್ಲಾ ವಿಚಾರ ಮಾಡೇನಿ."

ಎಲ್ಲಾ ವಿಚಾರ ಮಾಡಿದ್ದ ಪಾಪ! ಪಡಸಾಲ್ಯಾಗ ಅಂಗಾತ ಬಿದ್ದಾಂವಗ ವಿಚಾರಕ್ಕ ಪುರಸೊತ್ತು ಬೇಕಾದಷ್ಟಿತ್ತು. ಒಂದ ವಿಚಾರ ತಪ್ಪಿತ್ತು. ತಾಯಿ ಸಿಟ್ಟಿಗೆ ಲೆಕ್ಕಾಚಾರ ಐತಿ ಅಂತ ತಿಳಕೊಂಡಿದ್ದ.

ಬರಬಾರದ ದಿನ ಬಂತು. ಸಾಹೇಬರ ಕೋಣ್ಯಾಗ ಚಿಮಣಿ ಎಣ್ಣಿ ಪಂಖಾ ಕುಂತಿತು, ಪೇಶ್ಕಾರರ ಕೋಣಿಗೆ ಗಿಡ್ಡಪ್ಪ ಉಳದ. ಹುಸೇನಪ್ಪ ಹಾಡಹಗಲ ಬರಿಗೈಲೆ ಮನಿಗೆ ಬಂದು ಅಂಗಳದಾಗ ನಿಂತ. ಹಿಂದ ಗಿಡ್ಡಪ್ಪ, ಅತ್ತು ಅತ್ತು ಮೋರಿ ಬಾತಿತ್ತು. "ಯವ್ವಾ... ಅಣ್ಣನ್ನ ತಗದ್ರು..."

ಮುದುಕವ್ವ ಬೀಸೂಕಲ್ಲ ಮುಂದ ಕುಂತಾಕಿ ಎದ್ದಳು. ಮಗನ್ನ ನೋಡ್ಲಿಲ್ಲ. ಹಿರೀಸೊಸಿನ್ನೂ ನೋಡ್ಲಿಲ್ಲ. ಆಕಿ ಕಣ್ಣು ಸೀದಾ ಹೋಗಿ ನಿಂತದ್ದು ಪಕ್ಕೀರವ್ವನ ಕಾಲ ಮ್ಯಾಲ!

"ನೀ ಬಂದಿ, ನನ್ನ ಗಂಡನ್ನ ನುಂಗಿದಿ! ಈಗ ನನ್ನ ಹಿರೇಮಗನ ಅನ್ನಾ ನುಂಗಿದಿ! ಇನ್ನ ಯಾರನ್ನ ನುಂಗಬೇಕಂತಿ? ನಡಿ ಹೊರಗ!"

ರಟ್ಟಿ ಹಿಡದು ಎಳದೇಬಿಟ್ಲು. ಬಸುರಿ ಹುಡುಗಿ ಬಾಗಲ ಚೌಕಟ್ಟು ಅಪ್ಪಿ ಹಿಡಕೊಂಡು, "ಯಕ್ಕಾ... ಯಕ್ಕಾ... ಎಲ್ಲಿಗೆ ಹೋಗ್ಲಿ ನಾನು..." ಅಂತ ಒರಲಿದ್ಲು. ಗಿಡ್ಡಪ್ಪ, "ಬ್ಯಾಡ ಯವ್ವಾ!" ಅಂತ ಅಡ್ಡ ಬಂದ್ರ ಅವನ ಕಪಾಳಕ್ಕ ಒಂದು ಬಿತ್ತು. ಹುಸೇನಪ್ಪ ಗರಬಡದಂಗ ನಿಂತುಬಿಟ್ಟ. ಯಾವ ಕೇಡು ಆಗಬಾರದಂತ ಕೈಯಾರೆ ಅನ್ನ ಬಿಟ್ಟಿದ್ನೋ ಆ ಕೇಡು ಕಣ್ಣಮುಂದ ನಡದಿತ್ತು! ಸುಮ್ಮನಿದ್ರ ಹುಡುಗಿ ಹೊರಗ. ಖರೇ ಹೇಳಿದ್ರ? 'ತಗದದ್ದು ಗಿಡ್ಡ್ಯಾನ್ನ' ಅಂದ್ರ? ಆಗೂ ಹುಡುಗೀನ ಹೊರಗ!

"ಅತ್ತಿ, ಆಕಿನ್ನ ಬಿಡ್ರಿ."

ಹುಲಿಗವ್ವನ ದನಿ. ಸೆರಗ ಸೊಂಟಕ್ಕ ಸಿಗಸಿ ನಡುವ ಬಂದು ನಿಂತಿದ್ಲು.

"ಆಕಿ ಕಾಲಿಂದಲ್ಲ ಇದು. ನನ್ನ ಬಾಯಿಂದ. ಕೆಲಸ ಹೋಗ್ತೈತಿ, ಕೆಲಸ ಹೋಗ್ತೈತಿ ಅಂತ ಅಂದಾಕಿ ನಾನು. ನೀವ ಹೇಳಿದ್ರಲ್ಲ, ಕರದು ಚಾಪಿ ಹಾಸಿದಿ ಅಂತ... ಹೌದತ್ತಿ, ನಾನ ಕರದೆ. ಜ್ವಾಳದ ಗಡಿಗಿ ಇಟ್ಟಾಕಿ ನಾನು, ಶೇಂಗಾ ಒಡದಾಕಿ ನಾನು. ಆ ಹುಡುಗಿ ಏನು ಮಾಡೇತಿ?"

ಮುದುಕವ್ವನ ಕೈ ಸಡ್ಲಾತು. ಪಕ್ಕೀರವ್ವ ಕುಸದು ಕುಂತಳು.

"ಒಪ್ಪಿಕೊಂಡ್ಲು! ಓಣಿ ಮಂದಿ ಕೇಳಿದ್ರೇನವ್ವಾ, ತನ್ನ ಬಾಯಿಲೆ ಒಪ್ಪಿಕೊಂಡ್ಲು! ಬಂಜಿ ಬಾಯಿ ವಿಷದ ಬಾಯಿ! ನನ್ನ ಮನ್ಯಾಗ ಇನ್ನ ನಿನಗ ಒಂದು ತುತ್ತಿಲ್ಲ, ಹೋಗ!"

"ಯವ್ವಾ!" ಹುಸೇನಪ್ಪ ಮುಂದ ಬಂದ. "ಕೇಳ ಇಲ್ಲೆ, ಆಕೀದೇನೂ ಇಲ್ಲ, ನಾನ..."

"ನೀವು ಸುಮ್ಮಕಿರ್ರಿ." ಹುಲಿಗವ್ವ ತಿರುಗಿ ಅವನ ಮುಖ ನೋಡಿದ್ಲು. ಕೂಡಿ ಬಾಳಿದ ಇಷ್ಟು ವರ್ಷದಾಗ ಗಂಡಗ ಸುಮ್ಮಕಿರು ಅಂದದ್ದು ಅವತ್ತ ಮೊದಲು. "ಈ ಸಲ ನಾ ಯಾರನ್ನೂ ಕೇಳಿಲ್ಲ. ಲೆಕ್ಕ ಸರಿಹೋತು."

ಹುಸೇನಪ್ಪನ ಬಾಯಿ ಆಕಿ ಮಾತು ಕೇಳಿತು, ಕಾಲು ಕೇಳಲಿಲ್ಲ. ಹೆಂಡ್ತಿ ಎರಡು ಸೀರಿ ಗಂಟು ಕಟ್ಟಿ ಹೊಸ್ತಿಲಾ ದಾಟಿದ್ಲು. ಅಂವ ಆಕಿ ಕೈಯಾಗಿನ ಗಂಟು ಇಸಗೊಂಡು ಹೆಗಲಿಗೆ ಹಾಕಿಕೊಂಡ. "ಹುಸೇನ್ಯಾ, ನೀ ಎಲ್ಲಿಗೆ? ಹೋಗೂದು ಆಕಿ!" ಅಂತ ಮುದುಕವ್ವ ಕೂಗಿದ್ಲು. ಹೊಳ್ಳಿ ನೋಡಲಿಲ್ಲ ಅಂವ. ಕೂಗೂದು ಅಳೂದಾತು. ಅಷ್ಟೊತ್ತಿಗೆ ಅವರು ಓಣಿ ತಿರುವಿನ್ಯಾಗ ಮರಿಯಾಗಿದ್ರು...

ಗಂಗಾವತ್ಯಾಗ ಹಮೀದಾಬಿ ತವರಮನಿ. ಆಕಿ ಅಣ್ಣಗ ಹೇಳಿ ಅಲ್ಲಿ ಅಡತಿ ಅಂಗಳದಾಗ ಒಂದು ತಗಡಿನ ಖೋಲಿ ಕೊಡಿಸಿದ್ಲು. ಗಂಡ ಹೆಂಡ್ತಿ ಶೇಂಗಾ ರಾಶಿ ಮುಂದ ಎದುರಾಬದುರಾ ಕುಂತರು. ಹುಸೇನಪ್ಪನ ಕಾಲಿಗೆ ಇದ್ದ ಬುದ್ಧಿ ಕೈಗೆ ಇರಲಿಲ್ಲ. ಮೊದಲ ದಿನ ಅಂವ ಒಡದ ಶೇಂಗಾದಾಗ ಕಾಳಿ‌ಗಿಂತ ಹಿಟ್ಟ ಹೆಚ್ಚು. ಹೆಂಗಸರು ಬಾಯಿಗೆ ಸೆರಗ ಹಿಡದು ನಕ್ರು. "ಅಣ್ಣಾ, ಚಟ್ನಿ ಮಾಡಾಕ ಬಂದಿಯೇನು?" ಹುಲಿಗವ್ವನೂ ನಕ್ಳು. ಊರು ಬಿಟ್ಟ ಮ್ಯಾಲ ಆಕಿ ನಕ್ಕದ್ದು ಅವತ್ತ.

ಸುಗ್ಗಿ ಬರೂದಕ್ಕ ಹಮೀದಾಬಿ ತವರಿಗೆ ಬಂದ್ಲು, ಸುದ್ದಿ ತಂದ್ಲು. ಪಕ್ಕೀರವ್ವಗ ಗಂಡಮಗ. ಬಾಣಂತಿ, ಕೂಸು ಛಲೋ ಅದಾರ. ಹೆಸರಿಡೂ ದಿನ ಗೊತ್ತಾಗೇತಿ.

"ನಮಗೇನರ ಹೇಳಿ ಕಳಸ್ಯಾರೇನ ಕಾಕಿ?" ಹುಲಿಗವ್ವ ಕೇಳಿದ್ಲು. ಕೇಳಿದ ಮ್ಯಾಲ ಯಾಕ ಕೇಳಿದೆನೋ ಅನಿಸ್ತು.

ಹಮೀದಾಬಿ ಸೆರಗಿನ ಚುಂಗು ತಿರುವಿದ್ಲು. "ನಿಮ್ಮತ್ತಿ, ಮಗಾ ಬರ್ಲಿ ಅಂದಾಳ. ನೀ... ತೊಟ್ಟಿಲ ಹತ್ತರ ನಿನ್ನ ಬಾಯಿ ಬ್ಯಾಡ ಅಂದಾಳ ಮಗಳ."

"ನಾನೂ ಹೋಗಾಂಗಿಲ್ಲ!" ಅಂದ ಹುಸೇನಪ್ಪ. ಕೈಯಾಗಿನ ಶೇಂಗಾ ಪುಡಿಪುಡಿ ಆತು.

ಹುಲಿಗವ್ವ ಒಳಗ ಹೋದ್ಲು. ಬರೂವಾಗ ಆಕಿ ಕೈಯಾಗ ಒಂದು ಕುಲಾಯಿ ಇತ್ತು. ಕೆಂಪು ಖಣ, ಅಂಚಿಗೆ ಹಸರ ಪಟ್ಟಿ, ನೆತ್ತಿ ಮ್ಯಾಲ ದಾರದ ಗೊಂಡೆ. ತನ್ನ ಲಗ್ನದ ಕುಬಸ ಕತ್ತರಿಸಿ ಹೊಲದಿದ್ಲು. ಯಾವಾಗ ಹೊಲದ್ಲೋ, ಗಂಡಗೂ ಗೊತ್ತಿಲ್ಲ.

"ಕಾಕಿ, ನೀವು ಕೊಟ್ಟಂಗ ಕೊಡ್ರಿ. ಗಂಗಾವತಿ ಸಂತ್ಯಾಗ ತಗೊಂಡೆ ಅನ್ರಿ. ನನ್ನ ಹೆಸರ ಮಾತ್ರ..."

ಹೆಸರಿಡೂ ದಿನ ಹೋತು. ಇವರು ದುಡೀತ ಕುಂತ್ರು. ಮುಂದಿನ ಸಂತಿಗೆ ಹಮೀದಾಬಿ ಮತ್ತ ಬಂದ್ಲು. ಬಂದಾಕಿ ಕುಂದ್ರೂ ಮೊದಲ ಮಾತಿಗೆ ಹತ್ತಿದ್ಲು.

"ಅಯ್ಯ ಮಗಳ, ಏನ ಹೇಳ್ಲಿ! ನಿಮ್ಮತ್ತಿ ಆ ಕುಲಾಯಿ ಹೊಳ್ಳಿಸಿ ಮಳ್ಳಿಸಿ ನೋಡಿದ್ಲು. ಕೂಸಿನ ತಲಿಗೆ ತಾನ ಹಾಕಿ ಓಣಿ ತುಂಬ ತೋರಿಸಿದ್ಲು. ಸರಕಾರದ ಮಂದಿ ಕೂಸು ಅಂದ್ಲು! ಆಮ್ಯಾಲ ನನ್ನ ಕೈ ಹಿಡಕೊಂಡು, 'ಇದನ್ನ ಹೊಲದಾಕಿ ಯಾವ ತಾಯೋ ಏನೋ ಹಮೀದಾ, ಆಕಿ ಕೈ ಬಂಗಾರಾಗ್ಲಿ, ಹೊಟ್ಟಿ ತಣ್ಣಗಿರ್ಲಿ' ಅಂದ್ಲು. ನನಗ ಬಾಯಿ ತುದಿತನಕ ಬಂದಿತ್ತು ನಿನ್ನ ಹೆಸರು, ಹೆಂಗೋ ನುಂಗಿದೆ!"

ಹುಲಿಗವ್ವನ ಕೈಯಾಗಿನ ಶೇಂಗಾ ಹಂಗ ನಿಂತುಬಿಡ್ತು. ಮುಖ ಒಂದೀಟ ನಗಾಕ ಹೋತು, ನಗಿ ಅರ್ಧಕ್ಕ ನಿಂತು ಕಣ್ಣಾಗ ನೀರಾತು.

ಹುಸೇನಪ್ಪ ಎದ್ದು ನಿಂತ. "ಸಾಕು ಇನ್ನ! ಕೂಸು ಹುಟ್ಟೇತಿ, ಮೊಮ್ಮಗನ್ನ ಬಿಟ್ಟು ಅವ್ವ ಪಕ್ಕೀರಿನ್ನ ಹೊರಗ ಹಾಕಾಂಗಿಲ್ಲ. ನಾಳೆನ ಕೊಪ್ಪಳಕ್ಕ ಹೋಗ್ತೀನಿ. ಎಲ್ಲಾ ಹೇಳ್ತೀನಿ. ಕುಲಾಯಿ ಹೊಲದಾಕಿ ಯಾರಂತನೂ ಹೇಳ್ತೀನಿ!"

"ಬ್ಯಾಡ್ರಿ..." ಹುಲಿಗವ್ವ ಅವನ ಅಂಗಿ ಚುಂಗು ಹಿಡದು ಮೆಲ್ಲಗ ಕೆಳಗ ಕುಂದ್ರಿಸಿದ್ಲು. "ಆ ಮನಿಗೆ ಬಂದಾಗಿಂದ ಅತ್ತಿ ನನಗ ಹರಸಿದ್ದು ಇದೊಂದ ಸಲ. ನನಗಂತ ಗೊತ್ತಾದ್ರ ವಾಪಸ್ ತಗೋತಾರ."